ತೂಬಿನಿಂದ ವಾಲ್ವಿಗೆ: ಚಿತ್ರದುರ್ಗದ ನೀರಿನ ಸರದಿ ಮತ್ತು ನಗರಸಭೆ

ಕರ್ನಾಟಕದ ಕೆರೆ ಸಂಸ್ಕೃತಿಯನ್ನು ಕುರಿತು ಶಾಸನತಜ್ಞರೂ ಜಾನಪದ ವಿದ್ವಾಂಸರೂ ಸಾಕಷ್ಟು ಬರೆದಿದ್ದಾರೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ದತ್ತಿಗಳು, ಕೆರೆಗೆ ಆಹಾರವಾದ ಹೆಣ್ಣುಮಕ್ಕಳ ಕಥನಗೀತೆಗಳು, ಏರಿಯ ಮೇಲಿನ ಗಂಗಮ್ಮನ ಆರಾಧನೆ ಇವೆಲ್ಲವೂ ಅಧ್ಯಯನಕ್ಕೆ ಒಳಗಾಗಿವೆ. ಆದರೆ ಅದೇ ನೀರು ಕೊಳವೆಯೊಳಗೆ ಹೊಕ್ಕು ಪಟ್ಟಣದ ನಲ್ಲಿಗೆ ಬಂದ ಮೇಲಿನ ಕಥೆ ಮಾತ್ರ ಎಂಜಿನಿಯರುಗಳ ವರದಿಗಳ ಪಾಲಾಗಿದೆ. ಕೆರೆಯೊಂದಿಗೆ ಜಾನಪದವೂ ಮುಗಿಯಿತು ಎಂಬ ಭಾವನೆ ಇದರ ಹಿಂದಿರುವಂತೆ ತೋರುತ್ತದೆ. ಅದು ಸರಿಯಲ್ಲ. ನೀರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂದು ನಿರ್ಧರಿಸುವ ಅಧಿಕಾರವು ಕೆರೆಯ ಕಾಲದಲ್ಲಿ ಒಬ್ಬ ವ್ಯಕ್ತಿಯ ಕೈಯಲ್ಲಿ ಕಾಣುವಂತಿತ್ತು. ನಲ್ಲಿಯ ಕಾಲದಲ್ಲಿ ಅದು ಹಲವು ಕಚೇರಿಗಳಲ್ಲಿ ಹಂಚಿಹೋಯಿತು. ಜನರ ನೆನಪು ಮಾತ್ರ ಇನ್ನೂ ಆ ಒಬ್ಬನನ್ನೇ ಹುಡುಕುತ್ತಿದೆ. ಈ ಪಲ್ಲಟವನ್ನು ಗುರುತಿಸಲು ಚಿತ್ರದುರ್ಗ ಬಹು ಯೋಗ್ಯವಾದ ಊರು. ಜಿಲ್ಲಾ ಕೇಂದ್ರವಾದರೂ ಸ್ವಭಾವದಲ್ಲಿ ಅದು ಸಣ್ಣ ಪಟ್ಟಣ. ಅದು ಕುಡಿಯುವ ನೀರಿನ ಪ್ರತಿಯೊಂದು ನೆಲೆಗೂ ಒಂದೊಂದು ಐತಿಹ್ಯವಿದೆ.

ಏಳು ಸುತ್ತಿನ ಕೋಟೆಯ ನೀರಿನ ವ್ಯವಸ್ಥೆ ಇಳಿಜಾರನ್ನು ನಂಬಿದ್ದು. ಬೆಟ್ಟದ ಬಂಡೆಗಳಿಂದ ಇಳಿದ ಮಳೆನೀರು ಗೋಪಾಲಸ್ವಾಮಿ ಹೊಂಡಕ್ಕೆ ಸೇರಿ, ಅಲ್ಲಿ ತುಂಬಿದ ಮೇಲೆ ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಮುಂದೆ ಸಿಹಿನೀರು ಹೊಂಡ, ಸಂತೆಹೊಂಡಗಳ ಕಡೆಗೆ ಹರಿಯುತ್ತಿತ್ತು. ಮೇಲಿನದು ತುಂಬದೆ ಕೆಳಗಿನದಕ್ಕೆ ನೀರಿಲ್ಲ. ದುರ್ಗದ ಅತ್ಯಂತ ಪ್ರಸಿದ್ಧ ಕಥೆಯೂ ಇಂತಹ ಒಂದು ಹೊಂಡದ ಬಳಿಯೇ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಊಟಕ್ಕೆ ಕುಳಿತ ಕಾವಲುಗಾರ ಗಂಡನಿಗೆ ನೀರು ಬೇಕಾಗಿ ಓಬವ್ವ ಹೊಂಡಕ್ಕೆ ಹೋದಳು. ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುತ್ತಿದ್ದುದು ಅವಳಿಗೆ ಗೊತ್ತಾದದ್ದು ಆಗ. ಒನಕೆ ಹಿಡಿದ ಓಬವ್ವನನ್ನು ನಾಡು ಪ್ರತಿಮೆಗಳಲ್ಲಿ ನಿಲ್ಲಿಸಿದೆ. ಕೊಡ ಹಿಡಿದು ಹೊರಟವಳನ್ನು ಯಾರೂ ಅಷ್ಟಾಗಿ ನೆನೆದಿಲ್ಲ. ಕಾವಲಿನವರ ಮನೆಯಲ್ಲಿ ಊಟದ ಹೊತ್ತಿಗೆ ನೀರಿರಲಿಲ್ಲ, ತರುವ ಕೆಲಸ ಹೆಂಡತಿಯದಾಗಿತ್ತು, ಆಕೆ ಛಲವಾದಿ ಸಮುದಾಯದವಳು ಎಂಬ ಸಾಮಾಜಿಕ ವಿವರಗಳು ಈ ಕಥೆಯ ಒಡಲಲ್ಲಿಯೇ ಇವೆ.

ಕೋಟೆ 1779ರಲ್ಲಿ ಹೈದರನ ವಶವಾಯಿತು. ಬೆಟ್ಟದ ಕೆಳಗೆ ಊರು ಬೆಳೆದಂತೆ ಹೊಂಡಗಳ ನೀರು ಸಾಲದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಊರು ಎರಡು ದೂರದ ನೀರುಗಳನ್ನು ನೆಚ್ಚಿತು. ಒಂದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಇನ್ನೊಂದು ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ಮಾರಿಕಣಿವೆ. ಸರ್ಕಾರಿ ಕಡತಗಳಲ್ಲಿ ಇವು ಶಾಂತಿಸಾಗರ, ವಾಣಿವಿಲಾಸ ಸಾಗರ. ಸೂಳೆಕೆರೆಯ ಐತಿಹ್ಯದಲ್ಲಿ ಶಾಂತವ್ವನೆಂಬ ಅರಸುಮಗಳು ಕೆರೆ ಕಟ್ಟಿಸಲು ಹೊರಟಾಗ ಆ ನೆಲ ವೇಶ್ಯೆಯರದಾಗಿತ್ತು. ತಮ್ಮ ಹೆಸರು ಕೆರೆಗೆ ಉಳಿಯಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಹೀಗಾಗಿ ಆ ಹೆಸರು ಬೈಗುಳವಲ್ಲ, ನೆಲ ಕೊಟ್ಟವರ ಹಕ್ಕು. ಸಭ್ಯತೆಯ ಹೆಸರಿನಲ್ಲಿ ಅದನ್ನು ಶಾಂತಿಸಾಗರವೆಂದು ಬದಲಿಸಿದಾಗ ಕರಾರು ಮುರಿದಂತಾಯಿತೆಂಬುದನ್ನು ಯಾರೂ ಯೋಚಿಸಿದಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಅಣೆಕಟ್ಟಿಗೆ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಸುತ್ತಲಿನ ಜನರಿಗೆ ಅದು ಇಂದಿಗೂ ಕಣಿವೆ ಮಾರಮ್ಮನ ನೀರು. 1933ರಲ್ಲಿ ಕೋಡಿ ಹರಿದ ಈ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷಗಳಲ್ಲಿ ಎರಡು ಮೂರು ತಲೆಮಾರಿನವರು ಕೋಡಿಯನ್ನು ಬಾಯಿಮಾತಿನಲ್ಲಿ ಮಾತ್ರ ಬಲ್ಲವರಾಗಿದ್ದರು.

ಹಳೆಯ ಕ್ರಮದಲ್ಲಿ ನೀರನ್ನು ಹಂಚುವವನು ನೀರುಗಂಟಿ. ಮೈಸೂರು ಸೀಮೆಯ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿಯರೊಂದಿಗೆ ಅವನಿಗೂ ಸ್ಥಾನವಿತ್ತು. ತೂಬು ಎತ್ತುವುದು, ಕಾಲುವೆಗಳನ್ನು ಸರಿಪಡಿಸುವುದು, ಅಚ್ಚುಕಟ್ಟಿನ ತಲೆಗದ್ದೆಯಿಂದ ಕೊನೆಯ ಗದ್ದೆಯವರೆಗೆ ಸರದಿಯ ಪ್ರಕಾರ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯನ್ನು ಕಾಯುವುದು ಅವನ ಕೆಲಸ. ಪ್ರತಿಯಾಗಿ ಇನಾಮು ಭೂಮಿ, ಸುಗ್ಗಿಯಲ್ಲಿ ಕಣದ ಆಯ. ಬಯಲುಸೀಮೆಯ ಬಹುಭಾಗದಲ್ಲಿ ಅವನು ದಲಿತ ಸಮುದಾಯದವನಾಗಿರುತ್ತಿದ್ದ. ಗೌಡನ ಗದ್ದೆಗೂ ಅವನೇ ನೀರು ಬಿಡಬೇಕು. ಆದರೆ ಊರ ಸೇದುವ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ. ಕೆರೆ ಸಂಸ್ಕೃತಿಯನ್ನು ಸಮರಸದ ಚಿತ್ರವಾಗಿ ಕೊಂಡಾಡುವ ಬರಹಗಳು ಈ ವೈರುಧ್ಯವನ್ನು ಬದಿಗಿಡುತ್ತವೆ. ಅಷ್ಟಾದರೂ ಆ ಕ್ರಮದಲ್ಲಿ ಒಂದು ಸ್ಪಷ್ಟತೆಯಿತ್ತು. ಗದ್ದೆ ಒಣಗಿದರೆ ಕೇಳಬೇಕಾದ ಮನೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಪಾರಂಪರಿಕ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಈ ವೃತ್ತಿಯ ಕಾನೂನಿನ ಆಸರೆ ಹೋಯಿತು. ಪದ ಮಾತ್ರ ಹೋಗಲಿಲ್ಲ. ಗ್ರಾಮ ಪಂಚಾಯತಿಯಲ್ಲಿ ಮೋಟಾರು ಹಾಕಿ ನೀರು ಬಿಡುವ ನೌಕರನನ್ನು ಜನ ಇಂದಿಗೂ ನೀರುಗಂಟಿ ಎನ್ನುತ್ತಾರೆ.

ಪುರಸಭೆಗಳು ಬೆಳೆದದ್ದು ಬೇರೆ ದಾರಿಯಲ್ಲಿ. ಮೈಸೂರು ಸಂಸ್ಥಾನದಲ್ಲಿ 1862ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಆರಂಭವಾದ ಮುನಿಸಿಪಲ್ ಸಮಿತಿಗಳು ಕ್ರಮೇಣ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ಹರಡಿದವು. ಆರಂಭದ ಸಮಿತಿಗಳು ನಾಮಕರಣಗೊಂಡವರವು. ಚುನಾವಣೆ ಬಂದ ಮೇಲೂ ಮತದ ಹಕ್ಕು ಬಹುಕಾಲ ಆಸ್ತಿ ಮತ್ತು ತೆರಿಗೆಗೆ ಅಂಟಿಕೊಂಡಿತ್ತು. ಅಂದರೆ ಬೀದಿನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಆ ನಲ್ಲಿಯ ಬಗ್ಗೆ ತೀರ್ಮಾನಿಸುವವರನ್ನು ಆರಿಸುವ ಹಕ್ಕಿರಲಿಲ್ಲ. ವಯಸ್ಕ ಮತದಾನ ಈ ಅಂತರವನ್ನು ಅಳಿಸಿತು. ಪುರಸಭೆಗಳ 1964ರ ಕಾಯಿದೆ ಹಲವು ಪ್ರಾಂತಗಳ ಬೇರೆಬೇರೆ ಕಾನೂನುಗಳನ್ನು ಒಂದುಗೂಡಿಸಿತು. ಆ ಹೊತ್ತಿಗೆ ಪಟ್ಟಣದ ರಾಜಕಾರಣದ ಘಟಕ ಕೇರಿಯಲ್ಲ, ಹಟ್ಟಿಯಲ್ಲ, ವಾರ್ಡು.

1973ರ ಕಾಯಿದೆಯ ಮೂಲಕ ರೂಪುಗೊಂಡ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂದ ಮೇಲೆ ಅಧಿಕಾರ ಇನ್ನೊಮ್ಮೆ ಒಡೆಯಿತು. ಯೋಜನೆ ತಯಾರಿಸಿ ಕಟ್ಟುವುದು ಮಂಡಳಿ. ಸಾಮಾನ್ಯವಾಗಿ ನಂತರ ನಡೆಸುವುದು, ಕರ ವಸೂಲಿ ಮಾಡುವುದು ಪುರಸಭೆ. ಹಣ ಬರುವುದು ಸರ್ಕಾರದಿಂದ ಅಥವಾ ಸಾಲದಿಂದ. ಬೈಸಿಕೊಳ್ಳುವುದು ವಾರ್ಡಿನ ಸದಸ್ಯ. ನಿತ್ಯದ ವ್ಯವಹಾರದಲ್ಲಿ ಇವರೆಲ್ಲರಿಗಿಂತ ದೊಡ್ಡವನು ವಾಲ್ವ್‌ಮನ್. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬೀದಿಯ ಗುಂಡಿಗಳಲ್ಲಿನ ವಾಲ್ವು ತಿರುಗಿಸುವ ಈತ ನೀರುಗಂಟಿಯ ನೇರ ವಾರಸುದಾರ. ಆದರೆ ಇವನಿಗೆ ಇನಾಮಿಲ್ಲ, ಆಯವಿಲ್ಲ. ಎಷ್ಟೋ ಕಡೆ ಕಾಯಂ ನೌಕರಿಯೂ ಇಲ್ಲ, ಹೊರಗುತ್ತಿಗೆ. ಕೋಟೆಯ ಹೊಂಡಗಳಿಗೆ ನೀರು ಇಳಿದು ಬರುತ್ತಿತ್ತು. ಊರಿನ ಮೇಲ್ತೊಟ್ಟಿಗಳಿಗೆ ಅದನ್ನು ತಗ್ಗಿನಿಂದ ಎತ್ತಿ ತರಬೇಕು. ವಿದ್ಯುತ್ತು ಕೈಕೊಟ್ಟರೆ, ಪಂಪು ಕೆಟ್ಟರೆ, ದಾರಿಯಲ್ಲಿ ಕೊಳವೆ ಒಡೆದರೆ ಸರದಿ ತಪ್ಪುತ್ತದೆ. ಸರದಿ ತಪ್ಪಿದಾಗ ದಿಬ್ಬದ ಮೇಲಿನ ಬೀದಿಗೂ ಕೊಳವೆಯ ಕೊನೆಯ ಮನೆಗೂ ಮೊದಲು ನೀರು ನಿಲ್ಲುತ್ತದೆ. ಅನುಕೂಲಸ್ಥರು ನಲ್ಲಿಗೇ ಮೋಟಾರು ಹಚ್ಚಿ ಎಳೆಯುತ್ತಾರೆ. ಅಚ್ಚುಕಟ್ಟಿನಲ್ಲಿ ತಲೆಗದ್ದೆಯವನು ಕಾಲುವೆಗೆ ಅಡ್ಡ ಕಟ್ಟಿಕೊಂಡರೆ ಅದು ಪಂಚಾಯಿತಿಗೆ ಬರುವ ತಪ್ಪಾಗಿತ್ತು. ನಲ್ಲಿಯ ಮೋಟಾರು ನಿಯಮದಲ್ಲಿ ತಪ್ಪು, ನಡವಳಿಕೆಯಲ್ಲಿ ಸಹಜ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಸರಬರಾಜು ನಗರ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಸಾಲಿನಲ್ಲಿ ಸೇರಿತು. ದಲಿತರಿಗೆ, ಮಹಿಳೆಯರಿಗೆ ಸ್ಥಾನಗಳು ಮೀಸಲಾದವು. ನೀರು ಹೊರುತ್ತಿದ್ದವರು ನೀರಿನ ಬಗ್ಗೆ ಠರಾವು ಮಾಡುವ ಸಭೆಗೆ ಬಂದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಸಭೆ ನಡೆದರೆ ತಾನೇ ಠರಾವು? 2018ರ ಆಗಸ್ಟ್ 31ರಂದು ಚಿತ್ರದುರ್ಗವೂ ಸೇರಿದಂತೆ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದವರು ಅಧಿಕಾರಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದಾಗ ಮತ್ತೆ ಅದೇ ಕಥೆ; ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರಲ್ಲಿ. ನಡುವೆ ಆಡಳಿತಾಧಿಕಾರಿಗಳ ಆಳ್ವಿಕೆ. ನೀರು ಬಾರದಿದ್ದರೆ ಮತದಾರರು ಬಾಗಿಲು ತಟ್ಟುತ್ತಿದ್ದದ್ದು ಮಾತ್ರ ಅಧಿಕಾರವಿಲ್ಲದ ಸದಸ್ಯನದೇ.

ಸರದಿಯನ್ನೇ ಇಲ್ಲವಾಗಿಸುವ ಪ್ರಯತ್ನವೂ ನಡೆದಿದೆ. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಿಗೆ ದಿನದ 24 ಗಂಟೆಯೂ ನೀರು ಬಂದಿತು. ಅಲ್ಲಿ ವಾಲ್ವ್‌ಮನ್‌ನ ಕೀಲಿಯ ಜಾಗಕ್ಕೆ ಮೀಟರು ಬಂತು. ಸದಾ ಒತ್ತಡದಲ್ಲಿರುವ ಕೊಳವೆಯೊಳಗೆ ಹೊರಗಿನ ಕೊಳೆ ಸೇರುವುದು ಕಷ್ಟ. ಬಿಟ್ಟುಬಿಟ್ಟು ಹರಿಯುವ ಕೊಳವೆ ಬರಿದಾದಾಗ ಸುತ್ತಲಿನ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕ್ಕಳ ಒಟ್ಟಾರೆ ಭೇದಿ ಪ್ರಕರಣಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವಾದರೂ ನಿರಂತರ ನೀರಿನ ವಲಯಗಳಲ್ಲಿ ಟೈಫಾಯ್ಡ್ ಕಡಿಮೆಯಿದ್ದುದು ಕಂಡುಬಂದಿತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯ ಮೂಲಕ ಈ ಮಾದರಿ ಮುಂದೆ ಬ್ಯಾಡಗಿ, ಹರಿಹರ, ರಾಣೆಬೆನ್ನೂರುಗಳಂತಹ ಊರುಗಳಿಗೂ ಹೊರಟಿತು.

ಕೊಳವೆಯ ಈ ಗುಣದೋಷಗಳು ಬರಿಯ ತಾಂತ್ರಿಕ ಸಂಗತಿಗಳಲ್ಲ ಎಂಬುದು ಚಿತ್ರದುರ್ಗಕ್ಕೆ 2023ರ ಆಗಸ್ಟ್ ಮೊದಲ ವಾರದಲ್ಲಿ ಗೊತ್ತಾಯಿತು. ನಗರಸಭೆ ವ್ಯಾಪ್ತಿಯ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದ ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು; ಹಲವರು ಸತ್ತರು. ನೊಂದವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳವರು. ನೀರಿಗೆ ಯಾರೋ ವಿಷ ಬೆರೆಸಿದ್ದಾರೆ ಎಂಬ ಮಾತು ಕೂಡಲೇ ಹಬ್ಬಿತು. ಪ್ರಯೋಗಾಲಯದ ಪರೀಕ್ಷೆಗಳು ಬೆರಳು ತೋರಿದ್ದು ನೀರಿನ ಮಾಲಿನ್ಯದ ಕಡೆಗೆ. ನಗರಸಭೆಯ ಸಿಬ್ಬಂದಿ ಅಮಾನತುಗೊಂಡರು.

ಜಾನಪದ ಅಧ್ಯಯನಕ್ಕೆ ಆ ವದಂತಿಯೂ ಒಂದು ದಾಖಲೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಹಟ್ಟಿಯ ನೀರನ್ನು ಕೆಡಿಸುವುದು, ಬಾವಿಗೆ ಹೊಲಸು ಹಾಕುವುದು ಇವು ದಲಿತರ ಬದುಕಿನಲ್ಲಿ ಕೇವಲ ಕಥೆಗಳಾಗಿರಲಿಲ್ಲ. ಆ ನೆನಪಿರುವವರಿಗೆ ಮೊದಲು ತೋಚುವುದು ಒಂದು ಕೈ, ಒಂದು ಮುಖ. ನೀರಿನ ಹಿಂದೆ ಒಬ್ಬ ಮನುಷ್ಯನಿದ್ದ ಕಾಲದ ತರ್ಕ ಅದು. ಒಡೆದ ಕೊಳವೆ, ತೊಳೆಯದ ತೊಟ್ಟಿ, ತಡವಾದ ಟೆಂಡರು, ಖಾಲಿಯಿದ್ದ ಅಧ್ಯಕ್ಷರ ಕುರ್ಚಿ ಇವುಗಳಲ್ಲಿ ಯಾವುದಕ್ಕೂ ಮುಖವಿಲ್ಲ. ಹಾಗಾಗಿ ಶಂಕೆ ಮೊದಲು ತಿರುಗುವುದು ವಾಲ್ವು ತಿರುಗಿಸುವವನ ಕಡೆಗೆ. ಹಿಂದೆ ನೀರುಗಂಟಿ ತಪ್ಪಿದರೆ ಕೇಳುವ ಹಕ್ಕು ಅಚ್ಚುಕಟ್ಟಿನ ಗದ್ದೆಯವರಿಗಿತ್ತು, ಹಟ್ಟಿಯವರಿಗೆ ಇರಲಿಲ್ಲ. ಈಗ ಮತದ ಮೂಲಕ ಆ ಹಕ್ಕು ಹಟ್ಟಿಯವರಿಗೂ ಬಂದಿದೆ. ಯಾರನ್ನು ಕೇಳಬೇಕೆಂಬುದು ಮಸುಕಾಗಿದೆ.

ಇದರ ಮರುವರ್ಷಗಳಲ್ಲೂ ಜಲಾಶಯಗಳು ತುಂಬಿದಾಗ ಬಾಗಿನ ಅರ್ಪಣೆ ಎಂದಿನಂತೆ ನಡೆಯಿತು. ಮುತ್ತೈದೆಯರು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಧಾನ್ಯಗಳನ್ನಿಟ್ಟು ಗಂಗೆಗೆ ಕೊಡುತ್ತಿದ್ದ ಬಾಗಿನವನ್ನು ಈಗ ದೊಡ್ಡ ಅಣೆಕಟ್ಟುಗಳಲ್ಲಿ ಮುಖ್ಯಮಂತ್ರಿಯೋ ಮಂತ್ರಿಯೋ, ಊರ ಕೆರೆಗಳಲ್ಲಿ ಶಾಸಕರೋ ಪುರಸಭೆಯ ಅಧ್ಯಕ್ಷರೋ ಅರ್ಪಿಸುತ್ತಾರೆ. ನೀರು ಬಂದುದರ ಶ್ರೇಯಸ್ಸಿಗೆ ಹೀಗೆ ಒಂದು ಮುಖ ದೊರೆತಿದೆ. ಮೊರ ಹಿಡಿದವರ ಆ ಚಿತ್ರಗಳಲ್ಲಿ ವಾಲ್ವ್‌ಮನ್ ಕಾಣಿಸುವುದಿಲ್ಲ.