ಮುದ್ರೆ ಬಿದ್ದ ಡ್ರೈವರು, ಮುದ್ರೆ ಬೀಳದ ಡ್ರೈವರು

ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರಿನಲ್ಲಿ ಹೊರಬಂತು. ಅದನ್ನು ಬಳಸಿದವರು ನಿಮ್ಮಲ್ಲಿ ಅನೇಕರಿರಬಹುದು. ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಕೂಡಿಸಿ ಅದರ ಡ್ರೈವರನ್ನು ಹಾಕಹೊರಟಾಗ ತೆರೆಯ ಮೇಲೆ ಕೆಲವು ಸಲ ಒಂದು ಎಚ್ಚರಿಕೆ ಮೂಡುತ್ತಿದ್ದುದು ಅವರಿಗೆ ನೆನಪಿದ್ದೀತು. ಇದು ನಮ್ಮ ಪರೀಕ್ಷೆಯಲ್ಲಿ ತೇರ್ಗಡೆಯಾದುದಲ್ಲ, ಹಾಕಿದರೆ ಯಂತ್ರದ ಕೆಲಸ ಕೆಟ್ಟೀತು ಎಂದು ಅದರ ತಾತ್ಪರ್ಯ. ಕೆಳಗೆ ಎರಡು ಗುಂಡಿಗಳು: ನಿಲ್ಲಿಸುವುದಕ್ಕೊಂದು, ಆದರೂ ಮುಂದುವರಿಯುವುದಕ್ಕೊಂದು. ಹೆದರಿಕೆಯಿಂದಲೇ ಎರಡನೆಯದನ್ನು ಒತ್ತಿದವರು ಬಹಳ ಮಂದಿ. ಒತ್ತಿದ ಮೇಲೆ ಸಾಮಾನ್ಯವಾಗಿ ಏನೂ ಆಗುತ್ತಿರಲಿಲ್ಲ. ಆದರೆ ಕೆಲವರಿಗೆ ಆದುದೂ ಉಂಟು.

ಡ್ರೈವರ್ ಎಂದೊಡನೆ ಬಸ್ಸು ನಡೆಸುವವನ ನೆನಪಾಗುವುದು ಸಹಜ. ಇಲ್ಲಿ ಮಾತ್ರ ಅದರ ಕೆಲಸ ದುಭಾಷಿಯದು. ವಿಂಡೋಸಿಗೆ ಕಾರ್ಡಿನ ಭಾಷೆ ತಿಳಿಯದು, ಕಾರ್ಡಿಗೆ ವಿಂಡೋಸಿನ ಭಾಷೆ ತಿಳಿಯದು. ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ತಂತ್ರಾಂಶವೇ ಡ್ರೈವರು. ಈ ದುಭಾಷಿ ಕುಳಿತುಕೊಳ್ಳುವುದು ಜಗಲಿಯ ಮೇಲಲ್ಲ, ಮನೆಯ ನಡುಮನೆಯಲ್ಲಿ. ಅವನು ತಪ್ಪಿದರೆ ಇಡೀ ಯಂತ್ರವೇ ನೀಲಿ ತೆರೆ ತೋರಿಸಿ ನಿಂತುಬಿಡುತ್ತದೆ. ನಿಂತಾಗ ಯಜಮಾನನು ಬೈಯುವುದು ಕಾರ್ಡು ಮಾಡಿದವರನ್ನಲ್ಲ, ವಿಂಡೋಸನ್ನು. ಮೈಕ್ರೋಸಾಫ್ಟಿನ ವಿಂಡೋಸ್ ಹಾರ್ಡ್‌ವೇರ್ ಕ್ವಾಲಿಟಿ ಲ್ಯಾಬ್ಸ್ ಎಂಬ ವಿಭಾಗ ನೀಡುತ್ತ ಬಂದ ಪ್ರಮಾಣಮುದ್ರೆಯ ಹಿಂದೆ ಈ ಸಂಕಟವಿದೆ. ಕಾರ್ಡು ಮಾಡಿದವರು ಗೊತ್ತುಪಡಿಸಿದ ಪರೀಕ್ಷೆಗಳನ್ನು ನಡೆಸಿ ಫಲಿತಾಂಶವನ್ನು ಕಳುಹಿಸಬೇಕು. ಸರಿಯಿದ್ದರೆ ಮೈಕ್ರೋಸಾಫ್ಟು ತನ್ನ ಡಿಜಿಟಲ್ ರುಜುವನ್ನು ಹಾಕಿಕೊಡುತ್ತದೆ.

ಹಾಗಾದರೆ ಮುದ್ರೆ ಇಲ್ಲದ್ದೆಲ್ಲ ಕಳ್ಳಮಾಲೋ? ಹಾಗೆನ್ನಲಾಗದು. ಪ್ರತಿ ಡ್ರೈವರಿನ ಜೊತೆಗೆ ಐ.ಎನ್.ಎಫ್. ಎಂಬ ಒಂದು ಸಣ್ಣ ಕಡತವಿರುತ್ತದೆ. ಇದು ಯಾವ ಯಾವ ಕಾರ್ಡಿಗೆ ಸಲ್ಲುತ್ತದೆ ಎಂಬ ಪಟ್ಟಿ ಅದರಲ್ಲಿದೆ. ಲ್ಯಾಪ್‌ಟಾಪ್ ಕೊಂಡವರ ಕಾರ್ಡು ಬಹುಕಾಲ ಈ ಪಟ್ಟಿಯಲ್ಲಿರುತ್ತಿರಲಿಲ್ಲ. ಲ್ಯಾಪ್‌ಟಾಪ್ ಮಾರಿದ ಕಂಪನಿಯೇ ಡ್ರೈವರು ಕೊಡಬೇಕು, ಅದೋ ಒಮ್ಮೆ ಕೊಟ್ಟು ಮರೆತುಬಿಡುತ್ತಿತ್ತು. ಆಗ ಹವ್ಯಾಸಿಗಳು ಎನ್‌ವಿಡಿಯಾದ ಡ್ರೈವರನ್ನೇ ತಂದು, ಪಟ್ಟಿಗೆ ತಮ್ಮ ಕಾರ್ಡಿನ ಹೆಸರಿನ ಒಂದು ಸಾಲನ್ನು ಸೇರಿಸುತ್ತಿದ್ದರು. ಒಳಗಿನ ಸರಕು ಅದೇ, ಆದರೆ ಒಂದು ಸಾಲು ಬದಲಾಯಿತೆಂದರೆ ಮುದ್ರೆ ಒಡೆದಂತೆ. 2008ರ ಕೊನೆಯಲ್ಲಿ ಎನ್‌ವಿಡಿಯಾ ತಾನೇ ಲ್ಯಾಪ್‌ಟಾಪ್ ಡ್ರೈವರುಗಳನ್ನು ನೇರವಾಗಿ ಕೊಡಲು ಆರಂಭಿಸಿತು. ಹವ್ಯಾಸಿಗಳು ವರ್ಷಗಳಿಂದ ಮಾಡುತ್ತಿದ್ದುದು ಅಧಿಕೃತವಾಯಿತೆನ್ನಿ! ವೂಡೂ ಕಾರ್ಡುಗಳ 3ಡಿಎಫ್‌ಎಕ್ಸ್ ಕಂಪನಿಯ ಕಥೆ ಇನ್ನೂ ಕರುಣಾಜನಕ. 2000ದ ಡಿಸೆಂಬರಿನಲ್ಲಿ ಅದು ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಲು ಒಪ್ಪಿ ಅಂಗಡಿ ಮುಚ್ಚಿತು. ಮುಂದಿನ ವರ್ಷ ಎಕ್ಸ್‌ಪಿ ಬಂದಾಗ ಆ ಕಾರ್ಡುಗಳಿಗೆ ಡ್ರೈವರು ಬರೆಯುವವರೇ ಇರಲಿಲ್ಲ. ಅವುಗಳನ್ನು ಉಳಿಸಿದ್ದು ಮುದ್ರೆಯಿಲ್ಲದ, ಕೂಲಿಯಿಲ್ಲದ ಕೈಗಳು.

ಇನ್ನು ಮುದ್ರೆ ಬಿದ್ದವುಗಳ ಕಡೆಗೆ ಬರೋಣ. 2003ರ ಫೆಬ್ರುವರಿಯಲ್ಲಿ ಫಿನ್ಲೆಂಡಿನ ಫ್ಯೂಚರ್‌ಮಾರ್ಕ್ ಕಂಪನಿ 3ಡಿಮಾರ್ಕ್03 ಎಂಬ ಪರೀಕ್ಷಾ ತಂತ್ರಾಂಶವನ್ನು ಹೊರತಂದಿತು. ಕೆಲವು ಚಲಿಸುವ ದೃಶ್ಯಗಳನ್ನು ತೋರಿಸಿ, ಕಾರ್ಡು ಅವುಗಳನ್ನು ಎಷ್ಟು ಬೇಗ ಬರೆಯಿತೆಂದು ಅಂಕ ಕೊಡುವುದು ಅದರ ಕೆಲಸ. ಆ ಅಂಕ ನೋಡಿ ಜನ ಕಾರ್ಡು ಕೊಳ್ಳುತ್ತಿದ್ದರು. ದೃಶ್ಯದಲ್ಲಿ ಕ್ಯಾಮೆರಾ ಗೊತ್ತುಮಾಡಿದ ದಾರಿಯಲ್ಲೇ ಸಾಗುತ್ತದೆ. ಆದರೆ ಕಂಪನಿಯ ಸಹಭಾಗಿಗಳಿಗೆ ಕೊಟ್ಟ ವಿಶೇಷ ಆವೃತ್ತಿಯಲ್ಲಿ ಅದನ್ನು ಬೇಕಾದ ಕಡೆಗೆ ತಿರುಗಿಸಬಹುದಿತ್ತು. ಮೇ ತಿಂಗಳಲ್ಲಿ ಪತ್ರಕರ್ತರು ಎನ್‌ವಿಡಿಯಾ ಕಾರ್ಡಿನ ಮೇಲೆ ಹಾಗೆ ತಿರುಗಿಸಿ ನೋಡಿದರು. ದಾರಿಯಿಂದ ಆಚೆ ಸರಿದೊಡನೆ ಚಿತ್ರ ಚಿಂದಿಯಾಯಿತು. ನಾಟಕದ ಸೀನರಿಯಲ್ಲಿ ಸಭಿಕರಿಗೆ ಕಾಣುವ ಮುಖಕ್ಕೆ ಮಾತ್ರ ಬಣ್ಣ ಬಳಿದು ಹಿಂಬದಿಯನ್ನು ಹಾಗೇ ಬಿಡುವುದಿಲ್ಲವೆ? ಡ್ರೈವರು ಮಾಡಿದ್ದು ಅದನ್ನೇ. ಇದು ಪರೀಕ್ಷೆ ಎಂದು ಗುರುತಿಸಿ, ಕ್ಯಾಮೆರಾ ನೋಡದ ಭಾಗಗಳನ್ನು ಬರೆಯದೆ ಸಮಯ ಉಳಿಸುತ್ತಿತ್ತು. ಆಟದಲ್ಲಿ ಆಡುವವನು ಎತ್ತ ತಿರುಗುವನೋ ಯಾರಿಗೆ ಗೊತ್ತು. ಅಲ್ಲಿ ಈ ಉಪಾಯ ನಡೆಯದು.

ಫ್ಯೂಚರ್‌ಮಾರ್ಕ್ ತನಿಖೆ ನಡೆಸಿ, ಆ ಗುರುತು ಹಿಡಿಯುವ ಯುಕ್ತಿ ಸೋಲುವಂತೆ ತಿದ್ದುಪಡಿಯೊಂದನ್ನು ಹೊರಡಿಸಿತು. ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾ ಕಾರ್ಡಿನ ಅಂಕ ಒಂದೇ ಏಟಿಗೆ ಶೇಕಡ 24.1ರಷ್ಟು ಇಳಿಯಿತು. ಪ್ರತಿಸ್ಪರ್ಧಿ ಎ.ಟಿ.ಐ. ಕಂಪನಿಯೂ ಪೂರ್ತಿ ಶುದ್ಧವಾಗಿರಲಿಲ್ಲ. ಅದರ ರೇಡಿಯಾನ್ 9800 ಪ್ರೋ ಶೇಕಡ 1.9ರಷ್ಟು ಇಳಿಯಿತು. ಈಗ ಗಮನಿಸಿ: ಎನ್‌ವಿಡಿಯಾದ ಆ 44.03 ಡ್ರೈವರಿಗೆ ಮೈಕ್ರೋಸಾಫ್ಟಿನ ಮುದ್ರೆ ಕ್ರಮವಾಗಿಯೇ ಬಿದ್ದಿತ್ತು. ಮುದ್ರೆಯನ್ನು ಹಳಿದು ಫಲವಿಲ್ಲ. ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇದ್ದರೆ ಕಲ್ಲು ಸರಿಯಾಗಿದೆ ಎಂದರ್ಥ; ತಕ್ಕಡಿ ಹಿಡಿದವನ ಕಿರುಬೆರಳಿನ ಮಾತು ಅದರಲ್ಲಿಲ್ಲ. ಜೂನ್ ಆರಂಭದಲ್ಲಿ ಎನ್‌ವಿಡಿಯಾ, ಫ್ಯೂಚರ್‌ಮಾರ್ಕ್ ಎರಡೂ ಕಂಪನಿಗಳು ಕೂಡಿ ಒಂದು ಹೇಳಿಕೆ ಕೊಟ್ಟು, ಅದು ಮೋಸವಲ್ಲ, ಒಂದು ತಂತ್ರಾಂಶಕ್ಕೆಂದೇ ಮಾಡಿದ ಸುಧಾರಣೆ ಎಂದವು. ಹೀಗೆ ಹೆಸರು ಬದಲಾಯಿತು. ಆದರೆ 24.1 ಎಂಬ ಅಂಕಿ ಬದಲಾಗಲಿಲ್ಲ.

ಮುದ್ರೆ ಯಂತ್ರದ ಪ್ರಾಣವನ್ನಾದರೂ ಕಾಯುತ್ತದೆಯೆ? 2010ರ ಮಾರ್ಚಿನಲ್ಲಿ ಎನ್‌ವಿಡಿಯಾ ಹೊರಡಿಸಿದ 196.75 ಡ್ರೈವರೂ ಮುದ್ರಾಂಕಿತವೇ. ಅದು ಕೆಲವು ಕಾರ್ಡುಗಳ ಫ್ಯಾನಿನ ವೇಗವನ್ನು ಸರಿಯಾಗಿ ನಡೆಸದೆ ಕಾರ್ಡು ಕಾದುಹೋಗುವಂತಾಗಿ, ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು.

ಇಷ್ಟನ್ನು ಓದಿ ನೀವು ಮುದ್ರೆಯನ್ನೇ ತಿರಸ್ಕರಿಸಿದರೆ ಅದೂ ಅನ್ಯಾಯ. ವಿಂಡೋಸ್ ವಿಸ್ಟಾ 2007ರ ಜನವರಿಯಲ್ಲಿ ಮನೆಗಳಿಗೆ ಬಂತು. ಆ ವರ್ಷದ ಒಂದು ಅವಧಿಯಲ್ಲಿ ವಿಸ್ಟಾ ಕುಸಿದುಬಿದ್ದ ಪ್ರಸಂಗಗಳಲ್ಲಿ ಶೇಕಡ 28.8ಕ್ಕೆ ಎನ್‌ವಿಡಿಯಾ ಡ್ರೈವರು ಕಾರಣವೆಂದು, 17.9ಕ್ಕೆ ಮೈಕ್ರೋಸಾಫ್ಟು ತಾನೇ ಕಾರಣವೆಂದು, ಒಂದು ಮೊಕದ್ದಮೆಯಲ್ಲಿ ಬಯಲಾದ ಮೈಕ್ರೋಸಾಫ್ಟಿನ ಕಾಗದಗಳು 2008ರಲ್ಲಿ ತಿಳಿಸಿದವು. ಪರೀಕ್ಷೆಯೇ ಬೇಡವೆನ್ನಲು ಯಾರಿಗೆ ಧೈರ್ಯ ಬಂದೀತು? 64 ಬಿಟ್ಟಿನ ವಿಸ್ಟಾದಲ್ಲಿ ನಡುಮನೆಗೆ ಹೋಗುವ ಡ್ರೈವರಿಗೆ ಡಿಜಿಟಲ್ ರುಜು ಕಡ್ಡಾಯವಾಯಿತು. 2016ರಲ್ಲಿ ವಿಂಡೋಸ್ 10ರ 1607ನೆಯ ಆವೃತ್ತಿಯಿಂದ, ಹೊಸದಾಗಿ ಹಾಕಿದ ಯಂತ್ರಗಳಲ್ಲಿ, ಆ ರುಜು ಮೈಕ್ರೋಸಾಫ್ಟಿನ ಮೂಲಕವೇ ಬರಬೇಕೆಂದಾಯಿತು. ಎಕ್ಸ್‌ಪಿಯ ಎರಡನೆಯ ಗುಂಡಿ ಹೀಗೆ ಮೆಲ್ಲನೆ ಮಾಯವಾಯಿತು.

ಆದರೂ ಹಳೆಯ ಡ್ರೈವರುಗಳು ಒಮ್ಮೆಲೇ ನಿಂತುಹೋಗಬಾರದೆಂದು, 2015ರ ಜುಲೈಗೆ ಹಿಂದಿನ ಪ್ರಮಾಣಪತ್ರಗಳಿಂದ ಹಾಕಿದ ರುಜುಗಳಿಗೆ ವಿನಾಯಿತಿ ಉಳಿಸಿದ್ದರು. 2022ರ ಫೆಬ್ರುವರಿಯಲ್ಲಿ ಕನ್ನಗಳ್ಳರ ತಂಡವೊಂದು ಎನ್‌ವಿಡಿಯಾದ ಕಡತಗಳನ್ನು ದೋಚಿತು. ಅವುಗಳಲ್ಲಿ ಅವಧಿ ಮುಗಿದ ಎರಡು ರುಜು ಪ್ರಮಾಣಪತ್ರಗಳಿದ್ದವು. ಕೆಲವೇ ದಿನಗಳಲ್ಲಿ ಆ ರುಜು ಹೊತ್ತ ದುಷ್ಟ ತಂತ್ರಾಂಶಗಳು ಕಾಣಿಸಿಕೊಂಡವು. ವಿಂಡೋಸು ಅದೇ ವಿನಾಯಿತಿಯ ಬಾಗಿಲಲ್ಲಿ ಅವುಗಳನ್ನೂ ಒಳಗೆ ಬಿಡುತ್ತಿತ್ತು.