ಊರೊಟ್ಟಿನ ಬಯಲೂ ಹಿಂದೆ ಕಾಯುವವರೂ

ಗಾಲ್ಫ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಬರುವುದು ಎತ್ತರದ ಕಾಂಪೌಂಡು ಗೋಡೆ, ಗೇಟಿನ ಬಳಿ ಕಾವಲುಗಾರ, ಒಳಗೆ ಹಸಿರು ಹುಲ್ಲಿನ ಮೇಲೆ ಸಾವಕಾಶವಾಗಿ ಹೆಜ್ಜೆ ಹಾಕುವ ದೊಡ್ಡ ಮನುಷ್ಯರು. ಮುಂಬಯಿಯ ಚೆಂಬೂರಿನಲ್ಲಿರುವ ನಮ್ಮವರು ಬಸ್ಸಿನಲ್ಲಿ ಹೋಗುವಾಗ ಕಂಡಿರುವುದೂ ಇಷ್ಟೇ. ಆದರೆ ಈ ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಅದು ಬೆಳೆದದ್ದು ಗೋಡೆಯೊಳಗಲ್ಲ, ನಮ್ಮ ಹಳ್ಳಿಗಳ ಗೋಮಾಳದಂತಹ ಊರೊಟ್ಟಿನ ಬಯಲಿನಲ್ಲಿ ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ಸೇಂಟ್ ಆಂಡ್ರೂಸ್ ಎಂಬುದು ಸಮುದ್ರತೀರದ ಒಂದು ಸಣ್ಣ ಊರು. ಅಲ್ಲಿಯ ಮರಳು ಮಿಶ್ರಿತ ಹುಲ್ಲುಗಾವಲಿನಲ್ಲಿ ಗಾಲ್ಫ್ ಆಡುವ ಹಕ್ಕು ಊರವರಿಗೆಲ್ಲ ಉಂಟೆಂದು 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಹೊರಡಿಸಿದ ಸನ್ನದು ಒಪ್ಪಿಕೊಂಡಿದೆ. 1797ರಲ್ಲಿ ಸಾಲದಲ್ಲಿ ಮುಳುಗಿದ್ದ ಪೌರಸಭೆ ಆ ನೆಲವನ್ನು ಮಾರಿಬಿಟ್ಟಿತು. ಅದು ಮೊಲ ಸಾಕುವವರ ಕೈಸೇರಿ, ಬಯಲೆಲ್ಲ ಬಿಲಗಳಾದುವು. ವ್ಯಾಜ್ಯ ಕೋರ್ಟು ಹತ್ತಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿದ. 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಬಯಲು ಮತ್ತೆ ಊರಿನದಾಯಿತು. 1974ರಿಂದ ಅದನ್ನು ನೋಡಿಕೊಳ್ಳುವುದು ಒಂದು ಟ್ರಸ್ಟು.

ಹೀಗೆ ನೆಲ ಎಲ್ಲರದಾದಾಗ ಏಳುವ ಪ್ರಶ್ನೆ ಒಂದೇ: ಮುಂದೆ ಆಡುತ್ತಿರುವವನು ಸಾವಕಾಶ ಮಾಡಿದರೆ ಹಿಂದೆ ನಿಂತವನ ಗತಿಯೇನು? ಚಾಳಿನ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಈ ಪ್ರಶ್ನೆಯ ಬಿಸಿ ಚೆನ್ನಾಗಿ ಗೊತ್ತು.

ಈಗ ಉಳಿದಿರುವ ಅತ್ಯಂತ ಹಳೆಯ ಗಾಲ್ಫ್ ನಿಯಮಾವಳಿ 1744ರದು. ಎಡಿನ್‌ಬರೋದ ಪಕ್ಕದ ಲೀತ್ ಬಯಲಿನ ಪಂದ್ಯಕ್ಕಾಗಿ ಬರೆದ ಇದರಲ್ಲಿ ಇದ್ದುದು ಬರೀ 13 ನಿಯಮಗಳು. ಯಾರ ಚೆಂಡು ಕುಳಿಯಿಂದ ಅತಿ ದೂರದಲ್ಲಿದೆಯೋ ಅವನೇ ಮೊದಲು ಹೊಡೆಯಬೇಕೆಂದು 12ನೆಯ ನಿಯಮ ಹೇಳುತ್ತದೆ. ಇಷ್ಟು ಹೊತ್ತಿನೊಳಗೆ ಆಡಿ ಮುಗಿಸಬೇಕೆಂಬ ಮಾತು ಅದರಲ್ಲೆಲ್ಲೂ ಇಲ್ಲ. ಆಡುವವರು ಕೆಲವರೇ ಇದ್ದಾಗ ಅದರ ಅಗತ್ಯವೂ ಬೀಳಲಿಲ್ಲ.

ಗುಂಪು ಬೆಳೆದದ್ದು 19ನೆಯ ಶತಮಾನದಲ್ಲಿ. ಅಲ್ಲಿಯವರೆಗಿನ ಚೆಂಡು ಎಂದರೆ ತೊಗಲಿನ ಚೀಲದೊಳಗೆ ಹಕ್ಕಿಯ ಗರಿ ತುರುಕಿ ಹೊಲಿದದ್ದು. ಅದಕ್ಕೆ ಬಲು ದುಬಾರಿ ಬೆಲೆ. 1848ರ ಸುಮಾರಿಗೆ ಮಲಯ ದೇಶದ ಮರದ ಅಂಟಿನಿಂದ, ಅಂದರೆ ಗಟಾಪರ್ಚಾದಿಂದ, ಮಾಡಿದ ಅಗ್ಗದ ಚೆಂಡು ಬಂದಿತು. 1852ರಲ್ಲಿ ಸೇಂಟ್ ಆಂಡ್ರೂಸಿಗೆ ರೈಲೂ ಬಂದಿತು. ಅಲ್ಲಿಯ ಹಳೆಯ ಅಂಕಣದಲ್ಲಾದರೋ ಹೋಗುವವರೂ ಬರುವವರೂ ಒಂದೇ ದಾರಿಯಲ್ಲಿ, ಅವೇ ಕುಳಿಗಳಿಗೆ ಆಡುತ್ತಿದ್ದರು. ಎದುರುಬದುರಾದಾಗ ಒಬ್ಬರು ಕಾಯಲೇಬೇಕು. ಇದಕ್ಕೆ ಕಂಡುಕೊಂಡ ಉಪಾಯ ಬಲು ಸರಳ: ಹುಲ್ಲಿನ ಹಾಸನ್ನು ಅಗಲ ಮಾಡಿ, ಒಂದೇ ಹಾಸಿನಲ್ಲಿ ಎರಡು ಕುಳಿ ತೋಡಿದರು. ಇಂದಿಗೂ ಅಲ್ಲಿ ಇಂತಹ ಏಳು ಜೋಡಿಹಾಸುಗಳಿವೆ. ಜೋಡಿಯ ಸಂಖ್ಯೆಗಳನ್ನು ಕೂಡಿಸಿ ನೋಡಿ: 2 ಮತ್ತು 16, 3 ಮತ್ತು 15, ಹೀಗೆ ಪ್ರತಿಸಲವೂ 18 ಬರುತ್ತದೆ.

ನೆಲವನ್ನು ಹೀಗೆ ಹಿಗ್ಗಿಸಬಹುದು, ಹೊತ್ತನ್ನು ಹಿಗ್ಗಿಸಲಾಗದು. ಆ ಕೊರತೆಯನ್ನು ತುಂಬಿದ್ದು ಶಿಷ್ಟಾಚಾರ. ಮುಂದಿನವರು ಚೆಂಡಿನ ಅಳತೆಯಿಂದ ದಾಟುವವರೆಗೆ ಹೊಡೆಯಬಾರದು. ಇನ್ನೊಬ್ಬ ಹೊಡೆಯುವಾಗ ಮಾತಾಡಬಾರದು. ಕಿತ್ತುಬಂದ ಹುಲ್ಲುಹೆಂಟೆಯನ್ನು ಮರಳಿ ಕೂರಿಸಬೇಕು. ಹಿಂದೆ ಬರುವ ತಂಡ ಚುರುಕಾಗಿದ್ದರೆ ತಾವು ಬದಿಗೆ ಸರಿದು ಅವರನ್ನು ಮುಂದೆ ಬಿಡಬೇಕು. 2019ರ ಪರಿಷ್ಕರಣೆಯಲ್ಲಿ ಕಳೆದ ಚೆಂಡನ್ನು ಹುಡುಕುವ ಅವಧಿ ಐದು ನಿಮಿಷದಿಂದ ಮೂರಕ್ಕೆ ಇಳಿಯಿತು. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳದಿರುವುದು ಲೇಸೆಂಬ ಸಲಹೆಯೂ ಸೇರಿತು. ದೂರದ ಚೆಂಡಿನವನಿಗಾಗಿ ಕಾಯದೆ, ಅಪಾಯವಿಲ್ಲದಿದ್ದರೆ ಸಿದ್ಧನಿದ್ದವನೇ ಹೊಡೆಯಲೆಂದು ಹೊಸ ನಿಯಮ ಉತ್ತೇಜಿಸುತ್ತದೆ. 1744ರ ಆ ಹಳೆಯ ಸರದಿಯನ್ನು 275 ವರ್ಷಗಳ ತರುವಾಯ ಹಿಂದೆ ಕಾಯುವವರಿಗಾಗಿ ಸಡಿಲಿಸಿದಂತಾಯಿತು!

ನಮ್ಮ ದೇಶಕ್ಕೂ ಈ ಆಟ ಬೇಗನೆ ಬಂದಿತು. ಕಲಕತ್ತೆಯ ಕ್ಲಬ್ಬು ಹುಟ್ಟಿದ್ದು 1829ರಲ್ಲಿ, ಬೆಂಗಳೂರಿನದು 1876ರಲ್ಲಿ. ಆದರೆ ಇಲ್ಲಿ ಅದು ಆಳುವವರ ಕ್ಲಬ್ಬಾಗಿ ಬಂದಿತು. ಶಿಷ್ಟಾಚಾರದ ಪುಸ್ತಕ ಹಡಗು ಹತ್ತಿತು, ಊರೊಟ್ಟಿನ ಬಯಲು ಅಲ್ಲಿಯೇ ಉಳಿಯಿತು. ಆದ್ದರಿಂದಲೇ ನಮಗೆ ಈ ಮರ್ಯಾದೆಗಳು ದೊಡ್ಡಸ್ತಿಕೆಯ ಒಯ್ಯಾರದಂತೆ ಕಾಣುತ್ತವೆ. ಅವು ಮೂಲದಲ್ಲಿ ಹಾಗಿರಲಿಲ್ಲ. ಒಂದೇ ನೆಲವನ್ನು ಹಲವರು ಜಗಳವಿಲ್ಲದೆ ಬಳಸಲು ಕಲಿತ ಬಗೆ ಅವು.

ಸೇಂಟ್ ಆಂಡ್ರೂಸಿನ ಹಳೆಯ ಅಂಕಣದಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಅಂದು ಊರವರು ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅದರ ಮೇಲೆ ಅಡ್ಡಾಡುತ್ತಾರೆ. ಜಗತ್ತಿನ ಅತಿ ಪ್ರಸಿದ್ಧ ಗಾಲ್ಫ್ ಅಂಕಣ ವಾರಕ್ಕೊಂದು ದಿನ ಆಡದವರಿಗೂ ದಾರಿ ಬಿಡುತ್ತದೆ. ಪರಸ್ಥಳದಲ್ಲಿ ಇದ್ದ ಇಷ್ಟೇ ಜಾಗದಲ್ಲಿ ನಾಲ್ಕು ಜನ ಹೊಂದಿಕೊಂಡು ಬಾಳುವ ನಮ್ಮಂತಹವರಿಗೆ ಇದು ಹಿಡಿಸಬೇಕಾದ ಪದ್ಧತಿ.