ಹಾಲು ಜಾಸ್ತಿಯಾದ ಮೇಲೆ ಕೆಚ್ಚಲು ಬಾವು

ಸೀಮೆಹಸಕ್ಕೇ ಯಾಕೆ ಕೆಚ್ಚಲು ಬಾವು ಇಷ್ಟು ಕಾಡ್ತದೆ ಅಂತ ಡೈರಿ ಹತ್ರ ಮಾತು ಬರ್ತಲೇ ಇರ್ತದೆ. ಉತ್ತರ ನಮ್ಮ ದನಗಳ ಚರಿತ್ರೆಯಲ್ಲೇ ಅದೆ.

ಹಳೇ ಮೈಸೂರು ಸೀಮೆಯಲ್ಲಿ ದನ ಅಂದ್ರೆ ಮೊದಲು ಎತ್ತು, ಆಮೇಲೆ ಹಾಲು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ಆ ಎತ್ತುಗಳು ಫಿರಂಗಿ ಎಳೆದವು. ಹಳ್ಳಿಕಾರ್ ಹಸದಲ್ಲಿ ಕರು ಕುಡಿದು ಮಿಕ್ಕಿದ್ದು ಮನೆಗೆ. ಕೆಚ್ಚಲು ಚಿಕ್ಕದು, ಮೇವು ಬಯಲಲ್ಲಿ. ಬಾವು ಆಗ್ಲೂ ಬರ್ತಿತ್ತು, ಆದ್ರೆ ಸಂಸಾರ ಹಾಲಿನ ಮೇಲೆ ನಿಂತಿರಲಿಲ್ಲ.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಯ್ತು. 1984ರಲ್ಲಿ ಅದೇ ಕೆಎಂಎಫ್ ಆಯ್ತು. ಊರೂರಿಗೆ ಸಂಘ, ಮಿಶ್ರತಳಿ ಹಸ, ಎರಡು ಹೊತ್ತು ಕ್ಯಾನ್ ಬಂತು. ಕೆಚ್ಚಲು ದೊಡ್ಡದಾಯ್ತು, ಹಸ ಕೊಟ್ಟಿಗೆಯ ಸಗಣಿ ಗಂಜಲದಲ್ಲೇ ಮಲಗ್ತು. ರೋಗಕ್ಕೆ ದಾರಿ ಸಲೀಸಾಯ್ತು.

ಕಾರಣ ಮಾತ್ರ ಬಹಳ ಹಿಂದೆಯೇ ಗೊತ್ತಾಗಿತ್ತು. 1887ರಲ್ಲಿ ಫ್ರಾನ್ಸಿನ ನೊಕಾರ್ ಮತ್ತು ಮೊಲ್ಲೆರೋ ಅನ್ನೋರು ಹಸದಿಂದ ಹಸಕ್ಕೆ ಹರಡೋ ಬಾವಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಿದ್ರು. ಪೆನ್ಸಿಲಿನ್ ಬಂದ ಮೇಲೆ ಇನ್ನು ಭಯ ಇಲ್ಲ ಅಂದ್ಕೊಂಡ್ರು. ಆದ್ರೆ ಒಂದು ಹಸ ವಾಸಿಯಾದ್ರೆ ಇನ್ನೊಂದಕ್ಕೆ ಬರ್ತಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಇಡೀ ಮಂದೆ ನೋಡ್ಕೊಳ್ಳೋ ಐದು ಅಂಶ ಹೇಳಿದ್ರು: ಕರೆದ ಮೇಲೆ ಮೊಲೆ ತೊಟ್ಟು ಔಷಧಿಯಲ್ಲಿ ಅದ್ದು, ಬತ್ತಿಸುವಾಗ ಔಷಧಿ ಹಾಕು, ಬಾವು ಬಂದದ್ದಕ್ಕೆ ಕೂಡ್ಲೇ ಚಿಕಿತ್ಸೆ ಮಾಡಿ ಬರೆದಿಡು, ಪದೇ ಪದೇ ಬರೋ ಹಸ ತೆಗಿ, ಕರೆಯೋ ಮಿಷನ್ ಸರಿಯಾಗಿಡು.

ಎರಡು ಮೂರು ಹಸ ಇರೋ ನಮಗೂ ಇದೇ ಲೆಕ್ಕ. ಬ್ಯಾಕ್ಟೀರಿಯಾ ಹೋಗೋದು ನಮ್ಮ ಕೈ ಮೇಲೆ, ಒರೆಸೋ ಒಂದೇ ಬಟ್ಟೆ ಮೇಲೆ. ಅದಕ್ಕೆ ಚೆನ್ನಾಗಿರೋ ಹಸ ಮೊದಲು, ಬಾವಿನ ಹಸ ಕೊನೆಗೆ ಕರೀರಿ. ಮೊದಲ ಹಾಲು ಕಪ್ಪು ಬಟ್ಟೆ ಮೇಲೆ ಹಿಂಡಿ ನೋಡಿ; ಗರಣೆ ಕಂಡ್ರೆ ಅವತ್ತೇ ಡಾಕ್ಟರಿಗೆ ಹೇಳಿ. ಕರೆದ ಮೇಲೆ ತೊಟ್ಟಿನ ತೂತು ಮುಚ್ಚೋಕೆ ಅರ್ಧ ಗಂಟೆಗೂ ಮೇಲೆ ಬೇಕು, ಆಗ ಮೇವು ಹಾಕಿ ನಿಲ್ಲಿಸಿ. ಇಂಜೆಕ್ಷನ್ ಕೊಟ್ಟ ಹಸದ ಹಾಲು ಡಾಕ್ಟರ್ ಹೇಳಿದಷ್ಟು ದಿನ ಕ್ಯಾನಿಗೆ ಬೇಡ. ಅದನ್ನ ಕುಡಿಯೋದು ಯಾರದೋ ಮನೆ ಮಗು.

ಒಂದು ಮೊಲೆ ಕೆಟ್ರೆ ಆ ಭಾಗದ ಹಾಲು ಹೋದಂಗೇ. ಸಾಲ ತೆಗೆದು ತಂದ ಹಸ ಆದ್ರೆ ಕಂತು ಮಾತ್ರ ಪೂರ್ತಿ ಕಟ್ಬೇಕು.